ಕರ್ಪೂರದ ಡಬ್ಬಿಯಲ್ಲಿ ಮಾತ್ರೆ

ಸಕ್ಕರೆ ಇನ್ನೂರೆಂಬತ್ತು ಎಂದು ರಿಪೋರ್ಟು ಬಂದ ದಿನವೇ ಬೆಟ್ಟಮ್ಮ ಗಂಡನಿಗೆ ಹೇಳಿಬಿಟ್ಟಳು: "ಇನ್ಮ್ಯಾಕೆ ಶನಿವಾರದ ಭಜನೆ ಬಂದ್. ಅಲ್ಲಿ ಸಜ್ಜಿಗೆ ಮುಕ್ಕೋದ್ರಿಂದ್ಲೇ ಇದೆಲ್ಲ."

ನುಗ್ಗೇಹಳ್ಳಿಯ ಚಂದ್ರಯ್ಯನಿಗೆ ಭಜನೆಯಿಲ್ಲದ ಶನಿವಾರವೆಂದರೆ ಉಸಿರು ಕಟ್ಟಿದಂತೆ. "ಪ್ರಸಾದ ಅಂತ ಒಂದ್ ಚಿಟಿಕೆ ತಕ್ಕತೀನಿ, ಅಷ್ಟೇ ಕಣಮ್ಮಿ. ಆ ಡಾಕ್ಟ್ರಮ್ಮ ಕೊಟ್ಟ ಸಕ್ರೆ ಮಾತ್ರೇನೇ ಸರಿಗಿಲ್ಲ," ಎಂದು ವಾದಿಸಿದ. ಆದರೆ ಸಾಕ್ಷಿ ಬೇಕಲ್ಲ?

ಸಾಕ್ಷಿ ಗುರುವಾರ ಬೆಳಿಗ್ಗೆ ಪಾಯಿಖಾನೆಯಲ್ಲಿ ಸಿಕ್ಕಿತು. ಹಿಂದಿನ ದಿನ ನುಂಗಿದ ಬಿಳಿ ಮಾತ್ರೆ ಇಡಿಯಾಗಿ, ನುಂಗಿದ ಹಾಗೆಯೇ ಬಿದ್ದಿತ್ತು! ಚಂದ್ರಯ್ಯ ಅದನ್ನು ಕಡ್ಡಿಯಲ್ಲಿ ಎತ್ತಿ, ಮೂರು ಸಲ ತೊಳೆದು, ಖಾಲಿ ಕರ್ಪೂರದ ಡಬ್ಬಿಯಲ್ಲಿಟ್ಟು, ಹೆಂಡತಿಯನ್ನೂ ಹೊರಡಿಸಿಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದ.

ಆಸ್ಪತ್ರೆಯಲ್ಲಿ ಕರ್ಪೂರದ ಡಬ್ಬಿ ಕಂಡದ್ದೇ ತಡ, ಡಾಕ್ಟರ್ ಸೌಜನ್ಯ ಚಪ್ಪಲಿ ಬಿಟ್ಟು ಭಕ್ತಿಯಿಂದ ಬಲಗೈ ಚಾಚಿದರು. "ಯಾವ ದೇವಸ್ಥಾನದ ಪ್ರಸಾದ, ತಾತ?"

"ಅಯ್ಯೋ, ಕೈ ತಗೀ ನನ್ ತಾಯಿ!" ಬೆಟ್ಟಮ್ಮ ಕೂಗಿಕೊಂಡಳು. "ಅದು... ಇವ್ರದ್ದೇ!"

ಸಂಗತಿ ತಿಳಿದು ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಗ್ಲೌಸು ಹಾಕಿಕೊಂಡು ಮಾತ್ರೆಯನ್ನು ಅದುಮಿದರು. ಅದು ಮೆತ್ತಗೆ ಚಪ್ಪಟೆಯಾಯಿತು.

"ಇದು ಎಳನೀರು ಕುಡಿದು ಬಿಸಾಕಿದ ಬುರುಡೆ ಇದ್ದ ಹಾಗೆ, ತಾತ. ಔಷಧಿ ಕರುಳಲ್ಲಿ ನಿಧಾನಕ್ಕೆ ಸೋರಿ ರಕ್ತ ಸೇರಿದೆ. ರಕ್ತ ಅದನ್ನ ಲಿವರ್‌ಗೆ, ಮೈಗೆಲ್ಲ ಹಂಚುತ್ತೆ. ಕೆಲಸ ಮುಗಿದ ಮೇಲೆ ಕಿಡ್ನಿ ಮೂತ್ರದಲ್ಲಿ ಹೊರಗೆ ಕಳಿಸುತ್ತೆ. ಖಾಲಿ ಬುರುಡೆ ಮಾತ್ರ ಹಿಂಗೆ ಬರುತ್ತೆ. ಮಾತ್ರೇದು ತಪ್ಪಿಲ್ಲ."

ಬೆಟ್ಟಮ್ಮ ಮೆಲ್ಲಗೆ ಗಂಡನ ಕಡೆ ತಿರುಗಿದಳು. "ಕೇಳುಸ್ತಾ? ಮಾತ್ರೇದು ತಪ್ಪಿಲ್ವಂತೆ. ಇನ್ಯಾರ್ದು? ಭಜನೇಲಿ ಎಷ್ಟ್ ಸಲ ಸಜ್ಜಿಗೆ ತಿಂತೀರಿ, ಯೇಳಿ."

ಚಂದ್ರಯ್ಯ ಗೋಡೆಯ ಮೇಲಿನ ಕಿಡ್ನಿಯ ಚಿತ್ರ ನೋಡಿದ. "ಆಡ್ ಮುಗುದ್ಮ್ಯಾಕೆ ಒಂದ್ ಸಲ."

"ಆಮೇಲೆ?"

"ಮಂಗಳಾರ್ತಿ ಆದ್ಮ್ಯಾಕೆ ಒಂದ್ ಸಲ. ದೇವ್ರುದ್ನ ಬ್ಯಾಡ ಅನ್ನಕಾಯ್ತದಾ?"

"ಆಮೇಲೆ?"

"ಎಲ್ರೂ ಮನೆಗ್ ಓದ್ಮ್ಯಾಕೆ... ಪಾತ್ರೆ ತೊಳೆಯೋರ್ಗೆ ಕಷ್ಟ ಆಗ್ಬಾರ್ದು ಅಂತ, ತಳದ್ದು."

ಡಾಕ್ಟರು ಗ್ಲೌಸು ಕಳಚಿ ಬಾಯಿಗೆ ಕರವಸ್ತ್ರ ಒತ್ತಿಕೊಂಡರು. "ಹಾಡೋದಕ್ಕೆ ನನ್ನ ಅಡ್ಡಿಯಿಲ್ಲಮ್ಮ," ಎಂದಷ್ಟೇ ಹೇಳಿದರು.

"ನಂದೂ ಇಲ್ಲ. ಓಗ್ಲಿ," ಎಂದಳು ಬೆಟ್ಟಮ್ಮ. "ನಾನೂ ಜೊತೇಲ್ ಬತ್ತೀನಿ."

ಶನಿವಾರ ಚಂದ್ರಯ್ಯ ಕಣ್ಣು ಮುಚ್ಚಿ, ಕಂಠ ಬಿಚ್ಚಿ ಹಾಡಿದ. ಕೊನೆಯ ಮಂಗಳದ ಹಾಡೂ ಮುಗಿಯಿತು. ತುಪ್ಪದ ಘಮದೊಂದಿಗೆ ಸಜ್ಜಿಗೆಯ ತಟ್ಟೆ ಹತ್ತಿರ ಬಂತು. ಕಣ್ಣು ಬಿಟ್ಟರೆ, ಪಕ್ಕದಲ್ಲೇ ಕೂತ ಬೆಟ್ಟಮ್ಮ ಎರಡೂ ಕೈ ಚಾಚಿದ್ದಳು. "ಇವ್ರ ಪಾಲೂ ನಂಗೇ ಆಕಿ."

ಬಾಯಿಗೆ ಬೇರೆ ಕೆಲಸ ಕಾಣದ ಚಂದ್ರಯ್ಯ, ಮುಗಿದ ಮಂಗಳವನ್ನೇ ಮೊದಲಿನಿಂದ ಎತ್ತಿಕೊಂಡ.