ತೋಳಿನ ಅಳತೆ

"ಕೈ ಮಡಚು. ಇನ್ನೂ ಸ್ವಲ್ಪ. ಹಾಂ, ಹಾಗೇ ಇರು."

ಬಂದೂಕು ರಿಪೇರಿಯವನು ಅಳತೆಪಟ್ಟಿಯ ಒಂದು ತುದಿಯನ್ನು ಹುಡುಗಿಯ ಮೊಣಕೈ ಮಡಿಕೆಗೆ ಒತ್ತಿ, ಇನ್ನೊಂದನ್ನು ತೋರುಬೆರಳಿನ ಗೆಣ್ಣಿನವರೆಗೆ ಎಳೆದ. ಹತ್ತೂಕಾಲು ಇಂಚು. ನಂಬಿಕೆ ಬಾರದೆ ಇನ್ನೊಮ್ಮೆ ಅಳೆದ. ಮೂವತ್ತು ವರ್ಷಗಳಿಂದ ಅವನು ಅಳೆದದ್ದೆಲ್ಲ ದೊಡ್ಡವರ ತೋಳು, ಹದಿನಾಲ್ಕು ಇಂಚಿಗೆ ಆಚೆ ಈಚೆ. ಈ ತೋಳಿನ ಮೇಲೆ ನೀಲಿ ಪೆನ್ನಿನಲ್ಲಿ ಬರೆದ ಒಂದು ಕೈಗಡಿಯಾರವಿತ್ತು. ಅದರಲ್ಲಿ ಮುಳ್ಳುಗಳೇ ಇರಲಿಲ್ಲ.

"ಗಂಟೆ ಎಷ್ಟಮ್ಮ ಕಡ್ಡಿ?" ಎಂದು ಕೇಳಿದ.

"ಅದು ನಿಂತುಹೋಗಿದೆ ಮಾವ," ಎಂದಳು ಅವಳು ಗಂಭೀರವಾಗಿ.

ಅವಳು ಅವನ ಅಕ್ಕನ ಮಗಳು. ಒಂಬತ್ತು ತುಂಬಿತ್ತು. ತೆಳ್ಳಗಿದ್ದಳೆಂದು ಮನೆಮಂದಿಯೆಲ್ಲ ಕಡ್ಡಿ ಎಂದೇ ಕರೆಯುತ್ತಿದ್ದರು. ಕೆಲಸದ ಮೇಜಿನ ಮೇಲೆ ಅವಳ ತಂದೆ ತಂದಿಟ್ಟ ಬಂದೂಕು ಮಲಗಿತ್ತು. ಒಂಟಿ ನಳಿಗೆಯದು, ಹಗುರ. ಹೆಗಲಿಗೆ ಊರುವ ಹಿಂಬದಿಯ ಮರವನ್ನು ನಾಲ್ಕು ಇಂಚಿನಷ್ಟು ಕುಯ್ದು, ಅವಳಿಗೆ ಹೊಂದುವಂತೆ ಮಾಡಿಕೊಡಬೇಕಿತ್ತು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೋ?" ಎಂದಿದ್ದರು ಭಾವ, ಬಾಗಿಲಲ್ಲೇ ನಿಂತು. "ಮನೇಲಿ ಬಂದೂಕು ಇದ್ದೇ ಇದೆ. ಏನೂ ಗೊತ್ತಿಲ್ಲದ ಕೈಗಿಂತ ಗೊತ್ತಿರೋ ಕೈ ವಾಸಿ. ನಿನ್ನಕ್ಕ ಬೇಡ ಅಂತ ಹಟ ಹಿಡಿದಿದಾಳೆ. 'ನನ್ನ ತಮ್ಮ ಏನು ಹೇಳ್ತಾನೋ ಅದೇ ಸರಿ' ಅಂದಳು ಕೊನೆಗೆ. ನೀನು ಕುಯ್ದುಕೊಟ್ಟರೆ ಅವಳ ಬಾಯಿ ಮುಚ್ಚುತ್ತೆ." ಸಂಜೆಗೆ ಬರುತ್ತೇನೆಂದು ಮಗಳನ್ನು ಬಿಟ್ಟು ಹೊರಟುಹೋಗಿದ್ದರು.

ಭಾವನ ಮಾತಿನಲ್ಲಿ ತಪ್ಪು ಹುಡುಕಲು ಅವನಿಗೆ ಆಗಿರಲಿಲ್ಲ. ಬಂದೂಕಿನಿಂದಲೇ ಹೊಟ್ಟೆ ಹೊರೆಯುವವನು ಯಾವ ಬಾಯಲ್ಲಿ ಬೇಡವೆನ್ನುವುದು?

ಮಧ್ಯಾಹ್ನ ಮೆಲ್ಲಗೆ ಇಳಿಯುತ್ತಿತ್ತು. ಕಿಟಕಿಯಿಂದ ಬಂದ ಬಿಸಿಲಿನ ಕೋಲಿನಲ್ಲಿ ಮರದ ಹುಡಿ ಎಲ್ಲಿಗೂ ಹೋಗಬೇಕಿಲ್ಲದಂತೆ ತೇಲುತ್ತಿತ್ತು. ಮರಕ್ಕೆ ಹಚ್ಚುವ ಅಗಸೆ ಎಣ್ಣೆಯ ವಾಸನೆ ಕಣ್ಣೆವೆಗಳನ್ನು ಭಾರ ಮಾಡುವಂತಿತ್ತು. ನಳಿಗೆ ಖಾಲಿಯಿದೆಯೇ ಎಂದು ಅವನು ಬಂದೂಕನ್ನು ಕೀಲಿನಲ್ಲಿ ಮಡಚಿ ಎರಡು ಸಲ ನೋಡಿದ. ಮರದ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದ.

"ಮಾವ, ನಾನು ದೊಡ್ಡೋಳಾದ ಮೇಲೆ ಆ ತುಂಡನ್ನ ವಾಪಸ್ ಅಂಟಿಸ್ತೀಯಾ?"

"ಅಂಟಿಸಬಹುದು. ಗಾಯದ ಗುರುತು ಉಳಿಯುತ್ತೆ."

"ನೋವಾಗುತ್ತಾ ಅದಕ್ಕೆ?"

"ಮರಕ್ಕೆ ಎಂಥ ನೋವು," ಎಂದು ನಕ್ಕು, ಗರಗಸದ ಅಲಗನ್ನು ಬಿಗಿ ಮಾಡಲು ಅವನು ಆಚೆ ತಿರುಗಿದ. ತಿರುಪು ಜಾರುತ್ತಿತ್ತು. ಕೆಲಹೊತ್ತು ಅದರ ಜೊತೆ ಗುದ್ದಾಡಿದ. ಹುಡುಗಿಯ ಮಾತು ನಿಂತಿದೆಯೆಂಬುದು ಅವನಿಗೆ ಗೊತ್ತಾದದ್ದು ತಡವಾಗಿ. ನಿದ್ದೆ ಹತ್ತಿರಬೇಕೆಂದುಕೊಂಡು ಹಿಂತಿರುಗಿದ.

ಅವಳು ಕಿಟಕಿಯ ಬಳಿ ಮಂಡಿಯೂರಿದ್ದಳು. ಬಂದೂಕಿನ ಉದ್ದದ ಮರವನ್ನು ಕಂಕುಳಡಿ ಸಿಕ್ಕಿಸಿಕೊಂಡು, ನಳಿಗೆಯನ್ನು ಕಿಟಕಿಯ ಕಟ್ಟೆಗೆ ಊರಿ, ಕೆನ್ನೆಯನ್ನು ಮರಕ್ಕೆ ಒತ್ತಿದ್ದಳು. ಎದುರು ತಾರಸಿಯ ಮೇಲೆ ಒಬ್ಬ ಹೆಂಗಸು ಹಾಸಿಗೆಯ ಬಿಳಿ ಹೊದಿಕೆಗಳನ್ನು ಒಣಹಾಕುತ್ತಿದ್ದಳು. ಗಾಳಿಗೆ ಹೊದಿಕೆ ಉಬ್ಬಿದಾಗ ಅವಳು ಮರೆಯಾಗುವಳು, ಇಳಿದಾಗ ಮತ್ತೆ ಕಾಣುವಳು. ನಳಿಗೆಯ ತುದಿ ಆ ಹೆಂಗಸಿನ ಜೊತೆಗೇ ಹೋಗುತ್ತಿತ್ತು, ಬರುತ್ತಿತ್ತು. ಹುಡುಗಿಯ ಬೆನ್ನು ಕದಲುತ್ತಿರಲಿಲ್ಲ. ಉಸಿರನ್ನು ಹಿಡಿದಿದ್ದಳು. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಅವನು ಕೂಗಲಿಲ್ಲ. ಹತ್ತಿರ ಹೋಗಿ ನಳಿಗೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಕೆಳಗೆ ಒತ್ತಿದ.

"ಉಸಿರು ಯಾಕೆ ಹಿಡಿದಿದ್ದೆ?"

"ಇಲ್ಲದಿದ್ರೆ ಆ ಆಂಟಿ ಅಲ್ಲಾಡ್ತಾರೆ ಮಾವ," ಎಂದಳು. ಅವಳ ಮುಖದಲ್ಲಿ ತುಂಟತನವಿರಲಿಲ್ಲ, ತಪ್ಪು ಮಾಡಿದ ಭಯವೂ ಇರಲಿಲ್ಲ. ಎಲ್ಲೋ ದೂರ ಹೋಗಿ ಇನ್ನೂ ಪೂರ್ತಿ ಹಿಂದಿರುಗದ ಮುಖ. ಬಂದೂಕನ್ನು ಅವನ ಕೈಗೆ ಕೊಟ್ಟು, ಚೀಲಗಳ ರಾಶಿಯ ಮೇಲೆ ಒರಗಿ ನಿಮಿಷದಲ್ಲಿ ನಿದ್ದೆಹೋದಳು. ಅವನು ಗರಗಸವನ್ನು ಮೊಳೆಗೆ ತೂಗುಹಾಕಿ, ಅವಳ ಪಕ್ಕದಲ್ಲಿ ಕುಳಿತುಕೊಂಡ.

ಭಾವ ಬಂದಾಗ ಅವಳಿಗೆ ಇನ್ನೂ ಎಚ್ಚರವಾಗಿರಲಿಲ್ಲ.

"ಕುಯ್ದಿಲ್ವಾ?"

"ಇಲ್ಲ ಭಾವ. ಕುಯ್ಯಲ್ಲ."

"ಯಾಕೆ, ಅಕ್ಕ ಫೋನ್ ಮಾಡಿದ್ಲಾ?"

"ಇಲ್ಲ. ಬಂದೂಕು ಇವಳಿಗೆ ಉದ್ದವಾಗಿರೋದೇ ಸರಿ ಭಾವ. ಹೊಂದಬಾರದು ಅದು ಇವಳಿಗೆ."

ಮಲಗಿದ್ದ ಮಗುವಿನಿಂದಾಗಿ ಇಬ್ಬರೂ ಪಿಸುದನಿಯಲ್ಲೇ ಜಗಳವಾಡಿದರು. "ಗುಂಡು ಹೊಡೆಯೋದನ್ನಲ್ಲ, ಹುಷಾರಾಗಿರೋದನ್ನ ಕಲಿಸ್ತೀನಿ ಅಂದ್ರೂ ಅರ್ಥವಾಗಲ್ವಾ ನಿನಗೆ?" ಎಂದರು ಭಾವ. "ನೀನೂ ಹತ್ತು ತುಂಬೋ ಮೊದಲೇ ಹೊಡೀತಿದ್ದೆ. ನಿನ್ನಪ್ಪಾನೇ ಕಲಿಸಿದ್ರು. ಏನಾಯ್ತು ನಿನಗೆ? ಏನೂ ಆಗಲಿಲ್ಲ."

ಅವನು ಮರದ ಮೇಲಿನ ಪೆನ್ಸಿಲ್ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿದ. "ಮೊದಲನೇ ಸಲ ಒಂದು ಹಕ್ಕಿ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ರು," ಎಂದ. "ಅವತ್ತು ಅಪ್ಪ ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡಿದ್ರು. ಆ ವರ್ಷದ್ದು ನನಗೆ ಅದೊಂದೇ ನೆನಪಿರೋದು ಭಾವ. ಬೇರೆ ಏನೆಲ್ಲ ಆಟ ಆಡಿದ್ದೆ, ಯಾರ ಜೊತೆ ಆಡಿದ್ದೆ, ಒಂದೂ ನೆನಪಿಲ್ಲ."

"ಬೇರೆಯವನು ಕುಯ್ದುಕೊಡ್ತಾನೆ ಬಿಡು."

"ಕೊಡ್ತಾನೆ."

ಭಾವ ಬಂದೂಕನ್ನು ಬಟ್ಟೆಯ ಚೀಲಕ್ಕೆ ತುರುಕಿ ಒಂದು ಹೆಗಲಿಗೆ ಹಾಕಿಕೊಂಡರು, ನಿದ್ದೆಯ ಮಗಳನ್ನು ಇನ್ನೊಂದಕ್ಕೆ. ಹೋಗಿ ಬರುತ್ತೇನೆ ಎನ್ನಲಿಲ್ಲ.

ಮೂರು ವಾರ ಆ ಮನೆಯಿಂದ ಸುದ್ದಿಯಿರಲಿಲ್ಲ. ರಾತ್ರಿ ಊಟಕ್ಕೆ ಕೂತರೆ ಅವನಿಗೆ ಬೇರೆ ಅಂಗಡಿಯ ಗರಗಸದ ಸದ್ದು ಕೇಳಿಸಿದಂತಾಗುತ್ತಿತ್ತು. ಒಂದು ಭಾನುವಾರ ಬೆಳಗ್ಗೆ ಅಕ್ಕನೇ ಫೋನ್ ಮಾಡಿದಳು.

"ನಿನ್ನ ಭಾವ ಬಂದೂಕನ್ನ ಕುಯ್ಸದೇನೇ ಅಟ್ಟಕ್ಕೆ ಹಾಕಿ ಬೀಗ ಜಡಿದಿದಾರೆ ಕಣೋ. ಏಣೀನೂ ಪಕ್ಕದ ಮನೆಗೆ ಕೊಟ್ಟುಬಿಟ್ರು. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿನ್ನ ಜೊತೆ ಮಾತ್ರ ಈ ಜನ್ಮದಲ್ಲಿ ಮಾತಾಡಲ್ಲವಂತೆ."

"ಆಡದಿದ್ರೆ ಬೇಡ. ಊಟಕ್ಕಾದ್ರೂ ಬರಲಿ ಅನ್ನು."

"ಬರ್ತಾರೆ. ಊಟದ ಮೇಲೆ ಅವರಿಗೆ ಸಿಟ್ಟಿಲ್ಲ. ತಡಿ, ಒಲೆ ಮೇಲೆ ಹಾಲಿದೆ," ಎಂದು ಅಕ್ಕ ಫೋನನ್ನು ಎಲ್ಲೋ ಇಟ್ಟು ಹೋದಳು, ಇಟ್ಟದ್ದನ್ನು ಮರೆತೇಬಿಟ್ಟಳು.

ಆ ಮನೆಯ ಒಳಗಿನ ಸದ್ದು ಅವನ ಕಿವಿಗೆ ನೀರಿನೊಳಗಿಂದ ಬಂದಂತೆ ಬರುತ್ತಿತ್ತು. ಒಂದು ಬಾಗಿಲು, ಯಾರದೋ ಓಡುವ ಹೆಜ್ಜೆ, ತಡೆದ ನಗು. ಹುಡುಗಿ ಗೋಡೆಗೆ ಮುಖ ಒತ್ತಿ ಎಣಿಸುತ್ತಿದ್ದಿರಬೇಕು. ಹದಿನಾಲ್ಕು, ಹದಿನೈದು, ಹದಿನಾರು. ಹದಿನೇಳನ್ನು ನುಂಗಿ ಹದಿನೆಂಟಕ್ಕೆ ಹಾರಿದಳು. ಎಲ್ಲರೂ ಬಚ್ಚಿಟ್ಟುಕೊಂಡಿರಾ ಎಂದು ಕೇಳಿದಳು. ಯಾರೂ ಓಗೊಡಲಿಲ್ಲ. ಅವನು ಫೋನನ್ನು ಕಿವಿಗೆ ಹಿಡಿದುಕೊಂಡು, ಅವಳು ಒಬ್ಬರನ್ನಾದರೂ ಹುಡುಕಲಿ ಎಂದು ಕಾಯುತ್ತ ನಿಂತ.