ಗೇಟಿನ ಎಡಗಡೆಯ ಕಂಬ

ನೆಂಟರೆಲ್ಲ ಊರಿಗೆ ಹೋದ ಮೇಲಿನ ಮೊದಲ ಬೆಳಿಗ್ಗೆ ದಾಕ್ಷಾಯಿಣಿ ಚಹಾ ಮಾಡಿಕೊಂಡು ಬಂದಳು. ಕಪ್ಪು ಇಡಲು ಜಾಗ ಇರಲಿಲ್ಲ. ಊಟದ ಮೇಜಿನ ಅರ್ಧ ನನ್ನದೇ. ಮಣ್ಣು ಮಾಡಲು ಬಂದವರು ನನ್ನ ಮೇಲೊಂದು ಟವೆಲ್ ಹೊದಿಸಿ, ಸುತ್ತ ತಾಟು ಇಟ್ಟುಕೊಂಡು ಉಂಡು ಹೋಗಿದ್ದರು. ಅದೇನೆಂದು ಯಾರೂ ಕೇಳಿರಲಿಲ್ಲ. ಅವಳು ಟವೆಲ್ ತೆಗೆದಳು.

"ನೀ ಗುರುಶಾಂತಂದು ಅಲ್ಲಾ?" ಎಂದಳು. "ಒಯ್ದು ಕೊಡಬೇಕು."

ನಾನು ಒಂದು ಸ್ಟೀರಿಂಗ್. ನಿಜವಾದ ಕಾರನ್ನು ನಾನು ಎಂದೂ ಮುಟ್ಟಿಲ್ಲ. ದೂರದ ಕಾರ್ಖಾನೆಯೊಂದರಲ್ಲಿ ನನಗೆ ಪ್ಲಾಸ್ಟಿಕ್ಕಿನ ಮೈ, ರಬ್ಬರಿನ ಹಿಡಿ, ಹೊಟ್ಟೆಯೊಳಗೊಂದು ಮೋಟಾರು ಕೂಡಿಸಿದರು. ಟಿವಿಯ ಪರದೆಯ ಮೇಲೆ ಓಡುವ ಕಾರು ಕಲ್ಲುದಾರಿಗೆ ಇಳಿದರೆ ನಾನು ಅದುರಬೇಕು, ಗೋಡೆಗೆ ಬಡಿದರೆ ಕೈ ಜಗ್ಗಬೇಕು. ಪರದೆಯ ಕಡೆಗೆ ಯಾವಾಗಲೂ ನನ್ನ ಬೆನ್ನು. ನನಗೆ ಕಾಣುವುದು ಆಡುವವರ ಮುಖ, ಅದೂ ಕೆಳಗಿನಿಂದ. ಆಟದ ಲೋಕ ನನಗೆ ಏಟುಗಳಿಂದ ಮಾತ್ರ ಗೊತ್ತು.

ನನ್ನನ್ನು ಕೊಂಡವನು ಗುರುಶಾಂತ. ಹುಬ್ಬಳ್ಳಿಯಲ್ಲಿ ಅವನದೊಂದು ಕನ್ನಡಕದ ಅಂಗಡಿ. ಅವನ ಮದುವೆಯಾದ ಮೇಲೆ ನಾನು ಕಪಾಟಿನ ನೆತ್ತಿ ಸೇರಿದೆ. ಅಲ್ಲಿಂದ ನನ್ನನ್ನು ಇಳಿಸಿದವನು ಅವನ ಗೆಳೆಯ ಭೂಷಣ.

"ಹಬ್ಬದ ತನಕ ಕೊಡು, ಸಾಕು," ಎಂದು ಕೇಳಿ ಒಯ್ದ. ಯಾವ ಹಬ್ಬ ಎಂದು ಇಬ್ಬರೂ ಹೇಳಿಕೊಳ್ಳಲಿಲ್ಲ.

ಭೂಷಣ ಬೇರೆಯವರ ಮನೆಗಳಿಗೆ ನಕ್ಷೆ ಬಿಡಿಸುವವನು. ತಾನೂ ಹೆಂಡತಿ ದಾಕ್ಷಾಯಿಣಿಯೂ ಇದ್ದದ್ದು ಬಾಡಿಗೆಯ ಮಹಡಿಯಲ್ಲಿ. ಕೆಳಗಿದ್ದ ಮನೆಯೊಡತಿ ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಡುತ್ತಿರಲಿಲ್ಲ. ಮದುವೆಯ ಫೋಟೊ ಕುರ್ಚಿಯ ಮೇಲೆ ಕುಳಿತಿರುತ್ತಿತ್ತು. ಯಾರಾದರೂ ಬಂದರೆ ಅದನ್ನು ಎಬ್ಬಿಸಬೇಕಾಗುತ್ತಿತ್ತು.

ಆಟದೊಳಗೆ ಒಂದು ದೊಡ್ಡ ಸೀಮೆ ಇದೆಯಂತೆ. ಗುಡ್ಡ, ಸಮುದ್ರ, ಉದ್ದಾನುದ್ದ ರಸ್ತೆ. ರೇಸು ಗೆದ್ದವರಿಗೆ ಅಲ್ಲಿ ಜಾಗ ಸಿಗುತ್ತದೆ. ಮನೆ ಕಟ್ಟಬಹುದು, ಬೇಕಾದಂತೆ ಮಾರ್ಪಡಿಸಬಹುದು, ಗೆಳೆಯರು ತಮ್ಮ ಮನೆಯಲ್ಲೇ ಕುಳಿತು ಆಟದ ಕಾರಿನಲ್ಲಿ ಅಲ್ಲಿಗೆ ಬರಬಹುದು. ಭೂಷಣ ಗುಡ್ಡದ ಮೇಲೆ ಜಾಗ ಹಿಡಿದ. ಪಡಸಾಲೆ ಮಾಡಿದ. ಕಲ್ಲಿನ ಬೆಂಚುಗಳನ್ನು ಜೋಡಿಸಿ ಮುಂದೊಂದು ಕಟ್ಟೆ ಕಟ್ಟಿದ. ಬೇವಿನ ಗಿಡ ಆ ಆಟದಲ್ಲಿ ಇರಲಿಲ್ಲ. ಯಾವುದೋ ದೇಶದ ಗಿಡ ತಂದು ನಿಲ್ಲಿಸಿ, "ಇದ ಬೇವು," ಎಂದ.

"ಗ್ವಾಡಿಗೆ ಮೊಳಿ ಹೊಡಿ," ಎಂದಳು ದಾಕ್ಷಾಯಿಣಿ. "ಎಷ್ಟ ಬೇಕಾದಷ್ಟ ಹೊಡಿ. ಕೆಳಗಿನ ಅಕ್ಕಾರಿಗೆ ಕೇಳೂದಿಲ್ಲ."

ಕಟ್ಟುವ ಕೆಲಸಕ್ಕೆ ನಾನು ಬೇಕಾಗಿರಲಿಲ್ಲ. ಅದಕ್ಕೆ ಅಂಗೈಯಗಲದ ಕಂಟ್ರೋಲರ್ ಇತ್ತು; ಅದರ ಗುಂಡಿಗಳ ಟಕಟಕ ಮಾತ್ರ ನನಗೆ ಕೇಳುತ್ತಿತ್ತು. ನಾನು ಬೇಕಾಗುತ್ತಿದ್ದದ್ದು ಆ ಮನೆಗೆ ಬರುವಾಗ ಮತ್ತು ಹೋಗುವಾಗ.

ಭೂಷಣನ ಕೈಯಲ್ಲಿ ನಾನು ನುಣ್ಣಗೆ ತಿರುಗುತ್ತಿದ್ದೆ. ದಾಕ್ಷಾಯಿಣಿ ಕುಳಿತಳೆಂದರೆ ನನಗೆ ಗೊತ್ತು, ಆಟದ ಮನೆಯ ಗೇಟಿನ ಎಡಗಡೆಯ ಕಂಬ ಬರುತ್ತದೆ.

"ಬಲಕ್ಕ ತಗೋ... ಇನ್ನಷ್ಟ ಬಲಕ್ಕ... ಹೋತು!"

ನಾನು ಅವಳ ಎರಡೂ ಕೈ ಜಗ್ಗಿದೆ.

"ನಾ ಏನ್ ಮಾಡ್ಲಿ? ಕಂಬ ಅಡ್ಡ ಬಂತು."

"ಕಂಬ ಮೊದಲಿಂದ ಅಲ್ಲೇ ನಿಂತೈತಿ, ದಾಕ್ಷು."

"ಹಂಗಾದ್ರ ಅದನ್ನ ಸರಸು. ಮನಿಗೆ ಬರೂ ಹೆಣ್ಮಗಳಿಗೆ ಕಂಬ ದಾರಿ ಬಿಡಬೇಕು."

"ಕಂಬ ಸರಿಸಿದ್ರ ಗ್ವಾಡಿ ಸರಿಸಬೇಕು. ಗ್ವಾಡಿ ಸರಿಸಿದ್ರ ಕಟ್ಟಿ ಒಡೀಬೇಕು. ಕಟ್ಟಿ ಒಡದ್ರ ಬೇವಿನ ಗಿಡ ಎಲ್ಲೆ ಇಡ್ಲಿ? ಅದಕಿಂತ ನೀ ಗಾಡಿ ಹೊಡಿಯೂದು ಕಲಿ."

ಆಟದಲ್ಲಿ ಭೇಟಿಗೆ ಬಂದಿದ್ದ ಗುರುಶಾಂತನ ದನಿ ಟಿವಿಯಿಂದ ಕೇಳಿತು. "ವೈನಿ, ಆ ಕಂಬದ ರಿಪೇರಿ ಗುತ್ತಿಗಿ ನನಗ ಕೊಡ್ರಿ. ಅಂಗಡಿ ಮುಚ್ಚಿ ಅದನ್ನ ಮಾಡ್ತೀನಿ." ಮತ್ತೆ ಭೂಷಣನಿಗೆ, "ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಆತಲ್ಲೋ. ನನ್ನ ಸ್ಟೀರಿಂಗ್ ಯಾವಾಗ ಕೊಡ್ತಿ?"

"ನಮ್ಮಾಕಿ ಕಂಬ ದಾಟಿದ ಮರುದಿನ."

"ಹಂಗಂದ್ರ ಅದು ಬರೂದಿಲ್ಲ ಬಿಡು!"

ಇಬ್ಬರೂ ನಕ್ಕರು. ದಾಕ್ಷಾಯಿಣಿಯ ಮುಖ ನನಗೆ ಕಾಣುತ್ತಿತ್ತು. ಅವಳೂ ಮೊದಲು ನಕ್ಕಳು. ಆಮೇಲೆ ನನ್ನಿಂದ ಕೈ ತೆಗೆದಳು.

"ನಿನ್ನ ಮನಿ, ನಿನ್ನ ಕಂಬ. ಇನ್ನ ನಾ ಆ ಮನಿಗೆ ಕಾಲಿಡೂದಿಲ್ಲ."

ಮಾತು ತಮಾಷೆಗೆ ಹುಟ್ಟಿತ್ತು. ಆದರೆ ಅವಳು ಅದನ್ನು ನಡೆಸಿದಳು. ಅವನು ಕರೆಯುತ್ತಿದ್ದ, ಅವಳು ಒಗೆದ ಬಟ್ಟೆ ಮಡಚುತ್ತ, "ನಿನ್ನ ಕಂಬಾನ ಕರಕೊಂಡು ಅಡ್ಡಾಡು," ಎನ್ನುತ್ತಿದ್ದಳು.

ನಂತರ ಭೂಷಣನಿಗೆ ಜ್ವರ ಬಂತು. ಒಂದು ಮಧ್ಯಾಹ್ನ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡೇ ಕುಳಿತ. ನನ್ನನ್ನು ಮುಟ್ಟಲಿಲ್ಲ. ಕಂಟ್ರೋಲರಿನ ಟಕಟಕ ಬಹಳ ಹೊತ್ತು ಕೇಳುತ್ತಿತ್ತು. ಕಾಲೇಜಿನ ಕೆಲಸ ಮುಗಿಸಿ ಬಂದ ದಾಕ್ಷಾಯಿಣಿ ಬಾಗಿಲಲ್ಲೇ ಬೈದಳು.

"ಮೈ ಕೆಂಡ ಆಗೈತಿ, ಆಟ ಹಚ್ಚಿಯಲ್ಲಾ! ಮಲಕೋ ಏಳು."

"ಇಷ್ಟ ಐತಿ, ತಡಿ. ಆತು, ಆತು."

ಮರುದಿನ ಆಸ್ಪತ್ರೆಗೆ ಹೋದ. ತಿರುಗಿ ಬಂದದ್ದು ನಡೆದುಕೊಂಡಲ್ಲ.

ಇದೆಲ್ಲ ಆಗಿ, ನೆಂಟರೂ ಹೋದ ಮೇಲಿನ ಬೆಳಿಗ್ಗೆ ಅದು. ಚಹಾ ಆರಿತು. ದಾಕ್ಷಾಯಿಣಿ ಬಗ್ಗಿ, ನನ್ನನ್ನು ಮೇಜಿಗೆ ಬಿಗಿದಿದ್ದ ತಿರುಪಿಗೆ ಕೈ ಹಾಕಿದಳು. ಅರ್ಧ ತಿರುಗಿಸಿ ಬಿಟ್ಟಳು.

"ದಾಟಿದ ಮರುದಿನ ಅಂದಿದ್ದ," ಎಂದಳು, ಯಾರಿಗೂ ಅಲ್ಲದೆ.

ತಿರುಪು ಮತ್ತೆ ಬಿಗಿಯಾಯಿತು. ಟಿವಿ ಹಚ್ಚಿದಳು. ಅವಳ ಕಣ್ಣಲ್ಲಿ ಪರದೆಯ ಬೆಳಕು ಬಿತ್ತು. ಗುಡ್ಡದ ದಾರಿ ನನಗೆ ಬಾಯಿಪಾಠ: ಮೊದಲು ಸೇತುವೆಯ ಸಣ್ಣ ಅದುರು, ಆಮೇಲೆ ಕಲ್ಲುದಾರಿ, ಆಮೇಲೆ ಗೇಟು. ಅವಳ ಭುಜ ಮೇಲೇರಿತು. ಹಲ್ಲು ಕಚ್ಚಿದಳು. ನನ್ನನ್ನು ಗಟ್ಟಿಯಾಗಿ ಹಿಡಿದಳು. ನಾನೂ ಜಗ್ಗಲು ಸಿದ್ಧವಾದೆ.

ಏಟು ಬೀಳಲಿಲ್ಲ.

ಅವಳು ಕಾರು ಹಿಂದೆ ತೆಗೆದು ಮತ್ತೆ ಬಂದಳು. ಎಂದಿನಂತೆ ಎಡಕ್ಕೇ ಎಳೆದಳು. ಅವಳ ಕೈ ಎಳ್ಳಷ್ಟೂ ಸುಧಾರಿಸಿರಲಿಲ್ಲ. ಆದರೂ ಏಟಿಲ್ಲ. ಅವಳು ಪರದೆಯನ್ನೇ ನೋಡುತ್ತ ಕುಳಿತಳು.

"ಕಂಬ ಸರಿಸ್ಯಾನ," ಎಂದಳು. ಕಾರು ಇನ್ನಷ್ಟು ಒಳಗೆ ತಂದು, "ಗ್ವಾಡಿನೂ. ಕಟ್ಟಿನೂ ಒಡದು ಕಟ್ಟ್ಯಾನ." ಮನೆಯ ಸುತ್ತ ನಿಧಾನಕ್ಕೆ ಕಾರು ತಿರುಗಿಸಿದಳು. "ಬೇವಿನ ಗಿಡ ಹಿತ್ತಲದಾಗ ಐತಿ."

ಕಾರು ನಿಂತ ಮೇಲೂ ಅವಳ ಕೈಗಳು ನನ್ನ ಮೇಲೇ ಇದ್ದವು. ಏಟಿನಿಂದಲೇ ಲೋಕ ತಿಳಿದವ ನಾನು. ಎಷ್ಟೋ ಗೋಡೆ, ಎಷ್ಟೋ ಬೇಲಿ ಮರೆತುಹೋಗಿವೆ. ಬೀಳದೆ ಹೋದ ಆ ಒಂದು ಏಟು ಮಾತ್ರ ಈಗಲೂ ಮೈಯಲ್ಲಿದೆ.

ಮರುದಿನ ಅವಳು ನನ್ನನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಕನ್ನಡಕದ ಅಂಗಡಿಗೆ ಒಯ್ದಳು. ಗುರುಶಾಂತ ಗಾಜು ಒರೆಸುವುದನ್ನು ಬಿಟ್ಟು ಎದ್ದು ನಿಂತ.

"ಇದನ್ನ ಯಾಕ ತಂದ್ರಿ ವೈನಿ? ನಿಮ್ಮ ಕಡೇನ ಇರ್ಲಿ. ನಾ ಏನ್ ಕೇಳಿದ್ನೇನ?"

"ಬ್ಯಾಡ. ಅಂವಂಗ ಈರಭದ್ರ ಅನ್ನೂ ಹೆಸರು ಉಳೀಬಾರದು. ಕಂಬ ದಾಟಿದ್ನಿ."

ಗುರುಶಾಂತ ನಗಲು ಹೋದ, ಆಗಲಿಲ್ಲ. ನನ್ನನ್ನು ಎರಡೂ ಕೈಯಿಂದ ಇಸಿದುಕೊಂಡ. ನನ್ನ ಹಿಡಿಯ ರಬ್ಬರು ಎಡಗಡೆಗೆ ಸುಲಿದಿತ್ತು. ಹೆಬ್ಬೆರಳಿನಿಂದ ಅಲ್ಲಿ ಸವರಿದ. ಇನ್ನು ನನ್ನ ಜಾಗ ಕಪಾಟಿನ ನೆತ್ತಿಯೇ ಇರಬಹುದು. ಬೇಸರವಿಲ್ಲ.

ಅವಳು ಖಾಲಿ ಚೀಲ ಮಡಚಿ ಮೆಟ್ಟಿಲಿಳಿದಿದ್ದಳು. ಅವನು ಹಿಂದಿನಿಂದ ಕೇಳಿದ.

"ವೈನಿ, ಯಾವಾಗರೆ ಒಮ್ಮೆ... ಅವನ ಮನಿಗೆ ಹೋಗಿ ಬರ್ಲೇನ್ರಿ?"

ದಾಕ್ಷಾಯಿಣಿ ತಿರುಗಿ ನೋಡಿದಳು.

"ಹೋಗ್ರಿ. ಗೇಟ ಅಗಲ ಐತಿ."