ಸರಪಳಿಗೆ ಕೊಟ್ಟ ಮಾತು

ನಮ್ಮೂರಿಗೆ ಬರುವ ರಸ್ತೆಗೆ ಅಡ್ಡಲಾಗಿ ಒಂದು ಸರಪಳಿ ಇದೆ. ಕೆಟ್ಟು ನಿಂತ ಲಾರಿಯಿಂದ ಬಿಚ್ಚಿ ತಂದದ್ದು. ಒಂದು ತುದಿ ಮರಕ್ಕೆ, ಇನ್ನೊಂದು ತುದಿ ಸಿಮೆಂಟಿನ ಕಂಬಕ್ಕೆ. ತಾಮ್ರದ ಕಂಪನಿಯವರು ಮೊದಲ ಸಲ ಪೊಲೀಸರನ್ನು ಮುಂದಿಟ್ಟುಕೊಂಡು ಬಂದು, ಹೊಳೆಯ ಮೇಲ್ಭಾಗದಲ್ಲಿ ನೆಲ ಕೊರೆದು, ನಮ್ಮ ದನ ಕುಡಿಯುವ ನೀರನ್ನು ತುಕ್ಕಿನ ಬಣ್ಣಕ್ಕೆ ತಿರುಗಿಸಿ ಹೋದ ಮೇಲೆ ಊರವರೇ ಕಟ್ಟಿದ ಸರಪಳಿ ಅದು. ಸರ್ಕಾರ ಅದನ್ನು ಕಾನೂನುಬಾಹಿರ ಅನ್ನುತ್ತದೆ. ನೀರು ಕೆಡಿಸಿದ್ದಕ್ಕೆ ಮಾತ್ರ ಸರ್ಕಾರದ ಬಾಯಲ್ಲಿ ಅಂಥ ಪದವಿಲ್ಲ. ಅದಕ್ಕೆ ಅಭಿವೃದ್ಧಿ ಎಂದು ಹೆಸರು.

ಹೊರಗಿನವರು ಒಳಗೆ ಬರಬೇಕಾದರೆ ಊರಿನವರೊಬ್ಬರು ಸರಪಳಿಯ ಮೇಲೆ ಕೈಯಿಟ್ಟು "ಇವರಿಗೆ ನಾನು ಹೊಣೆ" ಅನ್ನಬೇಕು. ಹಿಂದಿರುಗುವಾಗ ಕಾವಲಿನ ಹೆಂಗಸು ಕೇಳುತ್ತಾಳೆ: "ಏನು ತಗೊಂಡು ಹೋಗ್ತಿದ್ದಾರೆ?" ಹೊಣೆ ಹೊತ್ತವರೇ ಉತ್ತರ ಹೇಳಬೇಕು. ಚೀಲ ಬಿಚ್ಚಿಸಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಅದು ಪೊಲೀಸರ ಕೆಲಸ, ನಾವು ಅವರ ಹಾಗಲ್ಲ ಎಂದು ಸಭೆಯಲ್ಲಿ ಹಟ ಹಿಡಿದು ತೀರ್ಮಾನಿಸಿದ್ದೆವು. ಮಾತೊಂದನ್ನು ನಂಬಿ ಸರಪಳಿ ಇಳಿಯುತ್ತದೆ.

ಎಲ್ಲರಿಗಿಂತ ಹೆಚ್ಚು ಸಲ ಆ ಸರಪಳಿಯ ಮೇಲೆ ಕೈಯಿಟ್ಟವಳು ಎಡಿಲ್ಮಾ. ಮರ ಕೊಯ್ಯುವವನ ಮಗಳು. ಈಗ ಹಕ್ಕಿ ನೋಡಲು ಬರುವವರನ್ನು ಕಾಡಿಗೆ ಕರೆದೊಯ್ಯುತ್ತಾಳೆ. ಶುರುವಿನಲ್ಲಿ ಊರು ಒಪ್ಪಿರಲಿಲ್ಲ. "ಇವತ್ತು ದುರ್ಬೀನು ಬರುತ್ತೆ, ನಾಳೆ ಬೈರಿಗೆ ಬರುತ್ತೆ" ಎಂದು ಮುದುಕರು ಕೂಗಾಡಿದ್ದರು. ಅವಳು ಸಭೆಯ ನಡುವೆ ನಿಂತು, "ಕಾಡನ್ನ ನೋಡೋಕೆ ಜನ ಬರ್ತಿದ್ರೆ ಅದನ್ನ ಅಗೆಯೋಕೆ ಬಂದವರಿಗೆ ನಾಚಿಕೆ ಆಗುತ್ತೆ" ಅಂದಿದ್ದಳು. ಕಂಪನಿಗೆ ನಾಚಿಕೆ ಇರುತ್ತದೆ ಎಂದು ಅವಳು ನಿಜವಾಗಿಯೂ ನಂಬಿದ್ದಳು.

ಆ ದಿನ ಬೆಳಗಿನ ಮಂಜಿನಲ್ಲಿ ಅವಳ ಜೀಪು ಸರಪಳಿಯ ಬಳಿ ನಿಂತಾಗ ಕಾವಲಿಗಿದ್ದವಳು ಮರುಹಾ. ಮರುಹಾಳ ಮಗಳ ದೀಕ್ಷಾಸ್ನಾನದ ದಿನ ಧರ್ಮತಾಯಿಯಾಗಿ ಮಗುವನ್ನು ಎತ್ತಿ ಹಿಡಿದವಳು ಎಡಿಲ್ಮಾ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಒಂದೇ ಮಗುವಿಗೆ ಇಬ್ಬರು ತಾಯಂದಿರು. ಅದುವರೆಗೆ ಜಡೆ ಹಿಡಿದು ಜಗಳವಾಡಿಕೊಂಡು ಬೆಳೆದ ಗೆಳತಿಯರು ಅಂದಿನಿಂದ "ನೀವು, ತಾವು" ಎನ್ನತೊಡಗಿದ್ದರು. ನಮ್ಮಲ್ಲಿ ಆ ನಂಟು ರಕ್ತಕ್ಕಿಂತ ಗಟ್ಟಿ.

"ಬನ್ನಿ ಕೊಮಾದ್ರೆ," ಮರುಹಾ ಮಡಿಲಲ್ಲಿ ಹುರುಳಿಕಾಯಿ ಸುಲಿಯುತ್ತಲೇ ಅಂದಳು. "ಈ ಸಲ ಯಾವ ಹಕ್ಕಿಗೆ ಮದುವೆ ಗಂಡು ತೋರಿಸೋಕೆ ಹೊರಟ್ರಿ?"

"ಬೆಟ್ಟದ ಮೇಲಿನ ದಪ್ಪ ಕೊಕ್ಕಿನದಕ್ಕೆ."

"ಆ ದುರ್ಬೀನು ಒಂದ್ಸಲ ನನಗೂ ಕೊಡಿ. ನನ್ನ ಗಂಡ ಕೆಲಸ ಮಾಡೋದು ಬರಿಗಣ್ಣಿಗೆ ಕಾಣಲ್ಲ."

ರಸ್ತೆಯಾಚೆ ಹೇಸರಗತ್ತೆಗೆ ಜೀನು ಬಿಗಿಯುತ್ತಿದ್ದ ಅವಳ ಗಂಡ ಸೆಗುಂದೊ ತಿರುಗಿಯೂ ನೋಡದೆ ಹೇಳಿದ, "ಕೊಡಿ ಕೊಮಾದ್ರೆ, ಕೊಡಿ. ಆದ್ರೆ ಉಲ್ಟಾ ಹಿಡಿಸಿ. ಅವಳ ಬಾಯಿ ಸ್ವಲ್ಪ ಚಿಕ್ಕದಾಗಿ ಕಾಣಲಿ."

ನಗುತ್ತಲೇ ಎಡಿಲ್ಮಾ ತಣ್ಣನೆಯ ಸರಪಳಿಯ ಮೇಲೆ ಕೈಯಿಟ್ಟಳು. ಜೀಪಿನಲ್ಲಿ ಮೂವರಿದ್ದರು: ಕೆನಡಾದ ವಯಸ್ಸಾದ ಗಂಡ ಹೆಂಡತಿ, ಮತ್ತು ಅನೀಬಲ್ ಎಂಬ, ರಾಜಧಾನಿ ಕಿತೋದವನು. ಶಾಲೆಯಲ್ಲಿ ಪಾಠ ಹೇಳುತ್ತೇನೆ ಅಂದಿದ್ದ. ಮೆಲುಮಾತಿನವನು, ಎಲ್ಲರ ಚೀಲವನ್ನೂ ತಾನೇ ಹೊರಲು ಮುಂದಾಗುವವನು. "ಇವರಿಗೆ ನಾನು ಹೊಣೆ" ಅಂದಳು. ಸರಪಳಿ ಇಳಿಯಿತು.

ಮೊದಲು ಬೆಟ್ಟದ ನೆತ್ತಿಗೆ ಹತ್ತಿಸಿದಳು. ಆ ದಾರಿ ಅವಳದೇ. ಬಿಡುವಿದ್ದಾಗಲೆಲ್ಲ ಒಬ್ಬಳೇ ಮಚ್ಚು ಹಿಡಿದು, ಬಿದಿರು ಸವರಿ, ಜಾರುವಲ್ಲಿ ಮರದ ತುಂಡು ಹೂತು ಮಾಡಿದ ದಾರಿ. ಊರವರು ಅತ್ತ ಹೋಗುವುದಿಲ್ಲ. ಹಾವಸೆ, ಮಂಜು, ಚಳಿ, ಮೇವೂ ಇಲ್ಲ. ನೆತ್ತಿಯಲ್ಲಿ ಮೋಡ ಸ್ವಲ್ಪ ಹರಿದಾಗ ದಪ್ಪ ಕೊಕ್ಕಿನ, ಬೂದುನೀಲಿ ಎದೆಯ ಹಕ್ಕಿ ಎದುರಿನ ಕೊಂಬೆಯಲ್ಲೇ ಕೂತಿತ್ತು. ಕೆನಡಾದ ಮುದುಕ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಅನೀಬಲ್ ಮಾತ್ರ ಬೆಟ್ಟದ ಆಚೆಯ ಇಳಿಜಾರನ್ನು ನೋಡುತ್ತಿದ್ದ. ದೂರದಲ್ಲಿ ಹೆದ್ದಾರಿ ದಾರದ ಹಾಗೆ ಮಿನುಗುತ್ತಿತ್ತು.

"ಆ ಕಡೆ ಇಳಿಯೋಕೆ ದಾರಿ ಇದೆಯಾ ಮೇಡಂ? ಇಷ್ಟು ಕಷ್ಟದ ದಾರಿ ಮಾಡಿದೀರಿ, ಅದನ್ನೂ ಮಾಡಿರ್ತೀರಿ ಬಿಡಿ."

ಹೊಗಳಿಕೆ ಅವಳ ಬೆನ್ನು ನೆಟ್ಟಗೆ ಮಾಡಿತು. "ಮಾಡದೆ ಬಿಡ್ತೀನಾ? ಹೇಸರಗತ್ತೆನೂ ಹತ್ತುತ್ತೆ ಅದರಲ್ಲಿ. ನಮ್ಮೂರಲ್ಲೇ ಯಾರಿಗೂ ಸರಿಯಾಗಿ ಗೊತ್ತಿಲ್ಲ."

ಅವನು ತಲೆದೂಗಿ ಕೈಗಡಿಯಾರದ ಗುಂಡಿಯೊಂದನ್ನು ಒತ್ತಿದ. ಹೊತ್ತು ನೋಡುತ್ತಿದ್ದಾನೆ ಎಂದುಕೊಂಡಳು.

ಇಳಿಯುವಾಗ ಹಳ್ಳದ ಪಕ್ಕದ ಮರದ ದಿಮ್ಮಿಯ ಬಳಿ ಎಲ್ಲರನ್ನೂ ಕೂರಿಸಿದಳು. ಪಂಚೀತಾಳನ್ನು ತೋರಿಸುವ ಜಾಗ ಅದು. ಪಂಚೀತಾ ಅವಳು ಹೆಸರಿಟ್ಟ ನೆಲದ ಹಕ್ಕಿ. ಬಾಲವೇ ಇಲ್ಲವೇನೋ ಎನ್ನುವಂಥ ದುಂಡು ಮೈ, ಕಡ್ಡಿಯಂಥ ಉದ್ದ ಕಾಲು. ದನಿ ಕೇಳಿಸುತ್ತದೆಯೇ ಹೊರತು ಇಡೀ ಜೀವಮಾನ ಕಾಡಿನಲ್ಲಿ ಕಳೆದವರಿಗೂ ಕಾಣಿಸದ ಜಾತಿ. ಎಡಿಲ್ಮಾ ತಿಂಗಳುಗಟ್ಟಲೆ ಎರೆಹುಳು ಹೆಚ್ಚಿ ಇಟ್ಟು, ದೂರ ಕೂತು, ಪ್ರತಿದಿನ ಒಂದೊಂದು ಗೇಣು ಹತ್ತಿರ ಸರಿದು, ಅದಕ್ಕೆ ಮನುಷ್ಯರನ್ನು ನಂಬುವುದನ್ನು ಕಲಿಸಿದ್ದಳು.

"ಪಂಚೀತಾ, ಬಾರಮ್ಮಾ, ಬಾ... ಊಟ ತಂದಿದೀನಿ, ಬಾ ನನ್ನ ರಾಣಿ..."

ಜರೀಗಿಡ ಅಲ್ಲಾಡಿತು. ಹಕ್ಕಿ ಕುಪ್ಪಳಿಸಿ ಹೊರಗೆ ಬಂತು, ನಿಂತಿತು, ಇನ್ನೊಮ್ಮೆ ಕುಪ್ಪಳಿಸಿ ದಿಮ್ಮಿ ಏರಿತು. ಕೆನಡಾದ ಹೆಂಗಸು ಬಾಯಿಗೆ ಕೈ ಒತ್ತಿಕೊಂಡು ಸದ್ದಿಲ್ಲದೆ ಅತ್ತಳು. ಈ ಗಳಿಗೆಯಲ್ಲಿ ಎಡಿಲ್ಮಾ ಹಕ್ಕಿಯನ್ನು ನೋಡುವುದೇ ಇಲ್ಲ. ಅದಕ್ಕೆ ಬೆನ್ನು ತಿರುಗಿಸಿ, ನೋಡುವವರ ಮುಖ ನೋಡುತ್ತಾಳೆ. ಅವಳಿಗೆ ಈ ಕೆಲಸದ ರುಚಿ ಹತ್ತಿದ್ದೇ ಅದರಿಂದ. ಅವತ್ತೂ ಹಾಗೇ ತಿರುಗಿದಳು. ಎರಡೇ ಮುಖಗಳಿದ್ದವು.

ಅನೀಬಲ್ ಹಳ್ಳದ ಅಂಚಿನಲ್ಲಿ ಪಂಚೀತಾಳಿಗೆ ಬೆನ್ನು ಹಾಕಿ ಕುಕ್ಕುರುಗಾಲಲ್ಲಿ ಕೂತಿದ್ದ. ಕೈಯಲ್ಲಿ ಒಡೆದ ಕಲ್ಲು. ಅದನ್ನು ಬಾಯಿಗೆ ತಂದು ನೆಕ್ಕಿದ. ಒದ್ದೆಯಾದ ಮೈಯನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ.

ಹಕ್ಕಿಯ ಹುಚ್ಚಿನವರಲ್ಲಿ ಎಡಿಲ್ಮಾ ತರಹೇವಾರಿ ಜನರನ್ನು ಕಂಡಿದ್ದಳು. ಕಲ್ಲು ನೆಕ್ಕುವವರನ್ನು ಕಂಡದ್ದು ಒಮ್ಮೆ ಮಾತ್ರ, ಲಂಗ ತೊಡುವ ವಯಸ್ಸಿನಲ್ಲಿ. ಕಂಪನಿಯ ಜೊತೆ ಬಂದಿದ್ದ ಕಲ್ಲಿನ ತಜ್ಞ ಅವಳಪ್ಪನ ಅಂಗಳದಲ್ಲೇ ನಿಂತು, ಹಾಗೆಯೇ ನೆಕ್ಕಿ, ಹಾಗೆಯೇ ಕಣ್ಣು ಕಿರಿದು ಮಾಡಿದ್ದ. ಒದ್ದೆ ಕಲ್ಲಿನಲ್ಲಿ ತಾಮ್ರದ ಹಸಿರು ಚೆನ್ನಾಗಿ ಕಾಣುತ್ತದಂತೆ. ಅದಾದ ಮೇಲೆಯೇ ಹೊಳೆ ಕೆಂಪಾದದ್ದು.

"ಅದೇನದು ಕಲ್ಲು?" ಕೇಳಿದಳು.

"ಓ, ಇದಾ? ನನ್ನ ಮಗಳಿಗೆ ಮೇಡಂ. ಬಣ್ಣದ ಕಲ್ಲು ಅಂದ್ರೆ ಪ್ರಾಣ ಅವಳಿಗೆ." ನಕ್ಕು ಜೇಬಿಗೆ ಹಾಕಿಕೊಂಡ. ಜೇಬು ಆಗಲೇ ಭಾರಕ್ಕೆ ಜೋತಾಡುತ್ತಿತ್ತು.

ಆಗಲೇ ಕಿತ್ತುಕೊಂಡು ಹಳ್ಳಕ್ಕೆ ಎಸೆಯಬಹುದಿತ್ತು. ಎಸೆಯಲಿಲ್ಲ. ಇರಬಹುದು, ಮಗಳಿಗೇ ಇರಬಹುದು ಎಂದುಕೊಂಡಳು. ಹಾಗೆಂದುಕೊಳ್ಳುವಾಗಲೇ ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಜೀಪು ಇಳಿಯುವ ದಾರಿಯುದ್ದಕ್ಕೂ ಕೆನಡಾದ ಹೆಂಗಸು ಅವಳ ಕೈ ಹಿಡಿದು ಕೃತಜ್ಞತೆ ಹೇಳುತ್ತಿದ್ದಳು. ಎಡಿಲ್ಮಾಳ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಹೇಳಿದರೆ ಸಭೆ ಸೇರುತ್ತದೆ. ಸೇರಿದರೆ ಇನ್ನು ಮುಂದೆ ಹಕ್ಕಿಯ ಹೆಸರಿನಲ್ಲಿ ಯಾರಿಗೂ ಸರಪಳಿ ಇಳಿಯುವುದಿಲ್ಲ. "ನಾವು ಅವತ್ತೇ ಹೇಳಿರಲಿಲ್ವಾ?" ಎಂದು ಮುದುಕರು ನಗುತ್ತಾರೆ.

ಸರಪಳಿಯ ಬಳಿ ಮರುಹಾ ಎದ್ದು ನಿಂತಳು. "ಏನು ತಗೊಂಡು ಹೋಗ್ತಿದ್ದಾರೆ ಕೊಮಾದ್ರೆ?"

ಎಡಿಲ್ಮಾ ಪ್ರತಿ ಸಲ ಹೇಳುವ ಉತ್ತರವೊಂದಿತ್ತು. ನಾಲಿಗೆ ತಾನಾಗಿ ಅದನ್ನೇ ಹೇಳಿತು. "ಕಣ್ತುಂಬ ನೋಡಿದ್ದನ್ನ ಮಾತ್ರ ಕೊಮಾದ್ರೆ."

ಸರಪಳಿ ಇಳಿಯಿತು. ಹಿಂದಿನ ಸೀಟಿನಿಂದ ಅನೀಬಲ್ ಮರುಹಾಳಿಗೆ ಕೈಬೀಸಿದ.

ಮಳೆಗಾಲ ಕಳೆದ ಮೇಲೆ ಕಂಪನಿಯವರು ಬಂದರು, ಬೆಟ್ಟದ ಹಿಂದಿನಿಂದ. ಹೇಸರಗತ್ತೆಗಳ ಬೆನ್ನಿನ ಮೇಲೆ ಬಿಡಿಬಿಡಿಯಾಗಿ ಕಟ್ಟಿದ ಕೊರೆಯುವ ಯಂತ್ರ, ಪೈಪು, ಡೀಸೆಲ್ಲು; ಜೊತೆಗೆ ಬಂದೂಕಿನ ಕಾವಲುಗಾರರು. ನೆತ್ತಿಯ ಈಚೆಗೆ ನೀಲಿ ತಾಡಪಾಲು ಕಟ್ಟಿ ಆಗಲೇ ಒಲೆ ಹಚ್ಚಿದ್ದರು. ನಾವು ರಸ್ತೆಯಲ್ಲಿ ಸರಪಳಿ ಕಾಯುತ್ತ ಕೂತಿದ್ದೆವು, ಬೆನ್ನು ಬಯಲು ಮಾಡಿಕೊಂಡು.

ಆ ದಾರಿ ತೋರಿಸಿದವರು ಯಾರು? ಊರಿಗೆ ಉತ್ತರ ಹೊಳೆಯಲು ತಡವಾಗಲಿಲ್ಲ. ಬೆಟ್ಟದಾಚೆಗೂ ಎಡಿಲ್ಮಾ ದಾರಿ ಮಾಡಿದ್ದು ಊರಿಗೆ ಸರಿಯಾಗಿ ಗೊತ್ತಿರಲಿಲ್ಲ. ಹೇಸರಗತ್ತೆ ಹೊಡೆಯುವವನು ಸೆಗುಂದೊ. ಹಿಂದೊಮ್ಮೆ ಮಗುವಿಗೆ ಕಾಯಿಲೆಯಾದಾಗ ಕಂಪನಿಯ ಸಾಮಾನು ಸಾಗಿಸಿದ್ದವನೂ ಅವನೇ. ಆಮೇಲೆ ಸಭೆಯಲ್ಲಿ ಕೈಮುಗಿದು ಕ್ಷಮೆ ಕೇಳಿದ್ದ. ಊರು ಕ್ಷಮಿಸಿತ್ತು, ಮರೆತಿರಲಿಲ್ಲ. ಬಡವನ ಮೇಲೆ ಬಡವರ ಅನುಮಾನ ಬೀಳುವುದು ಬಹಳ ಸುಲಭ. ಕಂಪನಿ ಅದಕ್ಕೆ ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಗುಡ್ಡದ ಮೇಲೆ ಕೂತು ಕಾಫಿ ಕುಡಿದರಾಯಿತು. ಯಾರೋ ಅವನ ಜೀನಿನ ಪಟ್ಟಿ ಕತ್ತರಿಸಿದರು. ಅವನ ಮನೆಯ ಗಿಣ್ಣು ಕೊಳ್ಳುವುದನ್ನು ಜನ ಬಿಟ್ಟರು. ಸರಪಳಿಯ ಕಾವಲಿನಿಂದ ಮರುಹಾಳನ್ನು ತೆಗೆದುಹಾಕಿದರು.

ಮಾರಾಟವಾಗದ ಗಿಣ್ಣನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಮರುಹಾ ಎಡಿಲ್ಮಾಳ ಅಡುಗೆಮನೆಗೆ ಬಂದಳು.

"ತಗೊಳ್ಳಿ. ಹಾಳಾಗೋದಕ್ಕಿಂತ ನೀವು ತಿಂದ್ರೆ ಸಮಾಧಾನ."

"ಸೆಗುಂದೊ ಹೇಗಿದಾರೆ?"

"ಹೇಸರಗತ್ತೆ ಮುಂದೆ ಕೂತು ಮಾತಾಡ್ತಾರೆ. ಅದೊಂದೇ ನನ್ನನ್ನ ನಂಬೋದು ಅಂತಾರೆ." ಮರುಹಾ ಬಿಸಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದಳು. "ನಾನಂದೆ, ಕತ್ತೆ ಒಂದೇ ಅಲ್ಲ, ನನ್ನ ಕೊಮಾದ್ರೆನೂ ನಂಬ್ತಾರೆ ಅಂತ. ನಂಬ್ತೀರಲ್ವಾ?"

"ನಂಬ್ತೀನಿ," ಅಂದಳು ಎಡಿಲ್ಮಾ. ಅವಳ ಜೀವನದಲ್ಲಿ ಅಷ್ಟು ನಿಜವಾದ ಮಾತನ್ನೂ ಅಷ್ಟು ಹೊಲಸು ಮಾತನ್ನೂ ಒಟ್ಟಿಗೇ ಅವಳು ಆಡಿರಲಿಲ್ಲ. ಮರುಹಾ ಹೋದ ಮೇಲೆ ಗಿಣ್ಣಿನ ಒಂದು ತುಂಡು ಬಾಯಿಗಿಟ್ಟಳು. ಉಗುಳಿ, ಉಳಿದದ್ದನ್ನು ಬಾಳೆಲೆಯಲ್ಲೇ ಸುತ್ತಿಟ್ಟಳು.

ಮಾರನೆಯ ಬೆಳಿಗ್ಗೆ ಕಾಡಿಗೆ ಹೋದಳು. ಏಕೆ ಎಂದು ಅವಳಿಗೂ ಸ್ಪಷ್ಟವಿರಲಿಲ್ಲ. ದಿಮ್ಮಿ ಇನ್ನೂ ದೂರವಿರುವಾಗಲೇ ಗಂಡಸರ ನಗು ಕೇಳಿಸಿತು. ಮರೆಯಲ್ಲಿ ನಿಂತಳು. ಕಂಪನಿಯ ಹಳದಿ ಟೋಪಿಯ ಆಳುಗಳು ನೀರು ಹಿಡಿಯಲು ಇಳಿದು ಬಂದು ದಿಮ್ಮಿಯ ಸುತ್ತ ಬ್ರೆಡ್ಡು ತಿನ್ನುತ್ತ ಕೂತಿದ್ದರು. ಅವರ ನಡುವೆ, ಬೂಟುಗಳಿಂದ ಒಂದು ಗೇಣು ದೂರದಲ್ಲಿ, ಪಂಚೀತಾ.

"ನೋಡ್ರೋ, ಕೋಳಿ ಹಾಗೆ ಬರುತ್ತೆ!"

"ಹೆದರಿಕೆನೇ ಇಲ್ಲ ಕಣೋ ಇದಕ್ಕೆ. ಯಾರೋ ಸಾಕಿರಬೇಕು."

"ಸಾರಿಗಾಗುತ್ತಾ?"

ಒಬ್ಬ ಬ್ರೆಡ್ಡಿನ ಚೂರು ಎಸೆದ. ಹಕ್ಕಿ ಕತ್ತು ಓರೆ ಮಾಡಿ ಅದನ್ನು ನೋಡಿತು, ಆಮೇಲೆ ಅವನ ಮುಖ ನೋಡಿತು. ಎರೆಹುಳುವಿಗಾಗಿ ಕಾಯುತ್ತಿತ್ತು. ಮನುಷ್ಯರು ಬಂದರೆ ಊಟ ಬರುತ್ತದೆ ಎಂದು ಎಡಿಲ್ಮಾಳೇ ಕಲಿಸಿದ್ದು. ಯಾವ ಮನುಷ್ಯರು ಎಂದು ಕಲಿಸಿರಲಿಲ್ಲ.

ಅವಳು ಇಳಿದು ಓಡಿದಳು. ಸರಪಳಿಯ ಬಳಿ ಅಂದು ಊರಿನ ಅರ್ಧ ಜನ ಸೇರಿದ್ದರು. ಬೆಟ್ಟಕ್ಕೆ ಹೋಗುವುದೋ ನಗರಕ್ಕೆ ಹೋಗಿ ಧರಣಿ ಕೂರುವುದೋ ಎಂದು ವಾದ ನಡೆದಿತ್ತು. ಅಂಚಿನಲ್ಲಿ, ಯಾರೂ ಜಾಗ ಕೊಡದ ಕಡೆ, ಸೆಗುಂದೊ ಮತ್ತು ಮರುಹಾ ನಿಂತಿದ್ದರು. ಎಡಿಲ್ಮಾ ನೇರ ಹೋಗಿ ಸರಪಳಿಯ ಮೇಲೆ ಕೈಯಿಟ್ಟಳು. ಮಾತು ನಿಂತಿತು.

"ದಾರಿ ತೋರಿಸಿದ್ದು ನಾನು. ನನ್ನ ಜೊತೆ ಬಂದ ಕಿತೋದವನಿಗೆ. ಅವನು ಕೈಗಡಿಯಾರದಲ್ಲಿ ಜಾಗ ಗುರುತು ಹಾಕ್ಕೊಂಡ. ಕಲ್ಲು ನೆಕ್ಕಿದ್ದನ್ನ ನನ್ನ ಕಣ್ಣಾರೆ ನೋಡಿದೆ. ನೋಡಿಯೂ ಇಲ್ಲಿ ಸುಳ್ಳು ಹೇಳಿದೆ. ಸೆಗುಂದೊದು ಏನೂ ತಪ್ಪಿಲ್ಲ."

ಸೆಗುಂದೊ ತನ್ನ ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸುತ್ತ ನೆಲ ನೋಡಿದ. ಮರುಹಾ ಜನರನ್ನು ಸರಿಸಿಕೊಂಡು ಬಂದಳು. ಎಡಿಲ್ಮಾಳ ಕೈಯನ್ನು, ಬಿಸಿ ಪಾತ್ರೆ ಎತ್ತಿಡುವಂತೆ, ಸರಪಳಿಯಿಂದ ಎತ್ತಿ ಕೆಳಗೆ ಬಿಟ್ಟಳು.

"ನನ್ನ ಗಿಣ್ಣು ತಿಂದೆಯಾ?" ಕೇಳಿದಳು.

ಎಡಿಲ್ಮಾ ಇಲ್ಲವೆಂದು ತಲೆಯಾಡಿಸಿದಳು.

"ಅಷ್ಟಾದರೂ ನಾಚಿಕೆ ಇತ್ತಲ್ಲ." ಜನರತ್ತ ತಿರುಗಿದಳು. "ಇವಳ ಮಾತಿಗೆ ಇನ್ನು ಸರಪಳಿ ಇಳಿಯೋದು ಬೇಡ. ಆದ್ರೆ ಆ ದಾರಿ ಗೊತ್ತಿರೋದು ಇವಳಿಗೊಬ್ಬಳಿಗೇ. ಇವಳೇ ಮುಂದೆ ನಡೀಲಿ. ಮಚ್ಚು ಕೊಡಿ ಇವಳಿಗೆ."

ಅಂದು ಇಡೀ ಊರು ಬೆಟ್ಟ ಹತ್ತಿತು. ನೂರಾರು ಜನ ಮಚ್ಚು ಹಿಡಿದು ಮಂಜಿನಿಂದ ಹೊರಬಂದದ್ದು ಕಂಡು ಹಳದಿ ಟೋಪಿಗಳು ತಾಡಪಾಲು ಬಿಚ್ಚಿದವು. ಬಂದೂಕಿನವರು ಫೋನು ಹಿಡಿದು ಸಿಗ್ನಲ್ ಹುಡುಕಿ ಸೋತು, ಬಂದ ದಾರಿಯಲ್ಲೇ ಇಳಿದರು. ಮತ್ತೆ ಬರುತ್ತಾರೆ; ತಾಮ್ರ ಇರುವವರೆಗೂ ಬರುತ್ತಲೇ ಇರುತ್ತಾರೆ. ಅವರ ಬೆನ್ನಿಗೇ ಎಡಿಲ್ಮಾ ತಾನೇ ಹೂತ ಮರದ ತುಂಡುಗಳನ್ನು ಒಂದೊಂದಾಗಿ ಕಿತ್ತಳು. ಸೆಗುಂದೊ ಅವಳ ಪಕ್ಕದಲ್ಲಿ ಮರ ಕಡಿದು ದಾರಿಗೆ ಅಡ್ಡ ಕೆಡವಿದ. ಅವಳು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಕೊಡಲಿಯ ಏಟು ಜೋರಾಯಿತು.

ಜನರೆಲ್ಲ ಇಳಿದು ಹೋದ ಮೇಲೆ ಅವಳೊಬ್ಬಳೇ ದಿಮ್ಮಿಯ ಬಳಿ ಉಳಿದಳು. ಕರೆಯಲಿಲ್ಲ. ಆದರೂ ಜರೀಗಿಡ ಅಲ್ಲಾಡಿತು. ಪಂಚೀತಾ ಕುಪ್ಪಳಿಸಿ ಬಂದು ದಿಮ್ಮಿಯ ಮೇಲೆ ನಿಂತು ಕತ್ತು ಓರೆ ಮಾಡಿತು.

ಎಡಿಲ್ಮಾ ಬಗ್ಗಿ ಒಂದು ಹೆಂಟೆ ಮಣ್ಣು ತೆಗೆದುಕೊಂಡಳು. "ಹೋಗು," ಅಂದಳು. ಎಸೆದಳು. ಮಣ್ಣು ದಿಮ್ಮಿಗೆ ಬಡಿದು ಚೂರಾಯಿತು. ಹಕ್ಕಿ ಬೆಚ್ಚಿ ಎರಡು ಹೆಜ್ಜೆ ಹಾರಿ, ಹಿಂದಿರುಗಿ, ಚದುರಿದ ಮಣ್ಣಿನಲ್ಲಿ ಎರೆಹುಳು ಇದೆಯೇ ಎಂದು ಕೆದಕಿ ನೋಡಿತು. ಅವಳ ಮುಖ ನೋಡಿತು.

"ಹೋಗೇ! ನಂಬಬೇಡ ಕಣೇ ನನ್ನನ್ನ, ಹೋಗು!"

ಅವಳು ಇನ್ನೊಂದು ಹೆಂಟೆಗೆ ಬಗ್ಗಿದಳು.